ಹರಿದಷ್ಟೂ ರೇಟು ಜಾಸ್ತಿ!

ನಮ್ಮಜ್ಜಿಯ ಲೆಕ್ಕದಲ್ಲಿ ಲೋಕದ ಬಟ್ಟೆಗಳೆಲ್ಲ ಮೂರೇ ಬಗೆ. ಹೊಸದು, ಹಳೆಯದು, ಹರಿದದ್ದು. ಹೊಸದು ಹಬ್ಬಕ್ಕೆ, ಹಳೆಯದು ಹೊಲಕ್ಕೆ, ಹರಿದದ್ದು ನೆಲ ಒರೆಸುವುದಕ್ಕೆ. ಯಾವುದೇ ಬಟ್ಟೆ ಈ ಮೂರು ಆಶ್ರಮಗಳನ್ನು ಒಂದೊಂದಾಗಿ ದಾಟಬೇಕೇ ವಿನಾ ಹುಟ್ಟುತ್ತಲೇ ಸನ್ಯಾಸ ತಗೊಳ್ಳುವ ಹಾಗಿಲ್ಲ. ಹಾಗಾಗಿ ಚಿಕ್ಕಪ್ಪನ ಮಗ ಎರಡೂ ಮಂಡಿ ಹರಿದ ಹೊಸ ಜೀನ್ಸ್ ಹಾಕಿಕೊಂಡು ಊರಿಗೆ ಬಂದಾಗ ಅಜ್ಜಿ ಬೈಯಲಿಲ್ಲ, ಕೇಳಿದ್ದು ಒಂದೇ ಪ್ರಶ್ನೆ: 'ಹರ್ದೋಗಿರೋದಕ್ಕೆ ಎಷ್ಟು ಕಮ್ಮಿ ಮಾಡ್ದ ಅಂಗಡಿಯೋನು?' ಕಡಿಮೆಯಲ್ಲ, ಹರಿದದ್ದಕ್ಕೇ ಐನೂರು ಜಾಸ್ತಿ ಎಂದು ಗೊತ್ತಾದಾಗ ಕ್ಷಣಕಾಲ ಸುಮ್ಮನಿದ್ದು, ಅಟ್ಟದ ಮೇಲಿನ ಟ್ರಂಕಿನ ಕಡೆ ನೋಡಿ ಹೇಳಿದಳು: 'ಹಂಗಾದ್ರೆ ನಮ್ಮನೇಲಿ ಲಕ್ಷಗಟ್ಲೆ ಮಾಲು ಬಿದ್ದದೆ ಬಿಡು!'

ನಾನು ಬಿ.ಕಾಂ. ಮುಗಿಸಿ, ಬೆಂಗಳೂರಿನ ಪಿ.ಜಿ.ಯೊಂದರಲ್ಲಿದ್ದು ಕೆಲಸ ಹುಡುಕುತ್ತಿರುವವಳು. ಪಿ.ಜಿ.ಯಲ್ಲಿ ಭಾನುವಾರ ಮಧ್ಯಾಹ್ನ ಕರೆಂಟ್ ಹೋದರೆ ನಾವು ನಾಲ್ವರು ಹತ್ತಿರದ ಮಾಲ್‌ಗೆ ಹೋಗುತ್ತೇವೆ. ಕೊಳ್ಳುವುದಕ್ಕಲ್ಲ, ಎಸಿ ತಗೊಳ್ಳುವುದಕ್ಕೆ. ಅಲ್ಲಿ ನಾನು ಮಾಡಿದ ಸಂಶೋಧನೆ ಹೀಗಿದೆ: ಹರಿಯದ ಜೀನ್ಸ್‌ಗೆ 999 ರೂಪಾಯಿ. ಒಂದು ಮಂಡಿ ಹರಿದಿದ್ದರೆ 1,499. ಎರಡೂ ಮಂಡಿ ಹರಿದು, ತೊಡೆಯ ಮೇಲೆ ಇಲಿ ಕಡಿದಂತಿದ್ದರೆ 1,999. ಅಂದರೆ ಬಟ್ಟೆ ಕಡಿಮೆಯಾದಷ್ಟೂ ಬೆಲೆ ಜಾಸ್ತಿ. ಈ ದರದಲ್ಲಿ ಹೋದರೆ ಐದಾರು ಸಾವಿರಕ್ಕೆ ಬರೀ ಬೆಲ್ಟ್ ಹಾಕುವ ಪಟ್ಟಿ, ಜಿಪ್ಪು, ಒಂದು ಗುಂಡಿ ಸಿಗಬಹುದು. ಮೂರು ವರ್ಷ ಓದಿದ ಅರ್ಥಶಾಸ್ತ್ರದಲ್ಲಿ ತೂತಿನ ಬೆಲೆ ನಿಗದಿ ಮಾಡುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ತಮಾಷೆ ಏನೆಂದರೆ, ಜೀನ್ಸ್ ಹುಟ್ಟಿದ್ದೇ ಹರಿಯಬಾರದು ಅಂತ. ಅಮೆರಿಕದ ನೆವಾಡಾ ರಾಜ್ಯದ ರೀನೋ ಊರಿನಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯಿದ್ದ. ಕೂಲಿಕಾರರ ಪ್ಯಾಂಟುಗಳು ಜೇಬಿನ ಮೂಲೆಯಲ್ಲೇ ಕಿತ್ತುಹೋಗುತ್ತಿದ್ದವು. ಆತ ಅಲ್ಲಿಗೆ ತಾಮ್ರದ ಪುಟ್ಟ ರಿವೆಟ್ ಹೊಡೆದ. ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿ 1873ರ ಮೇ 20ರಂದು ಅದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ನಮ್ಮ ಜೀನ್ಸ್ ಜೇಬಿನ ಮೂಲೆಯಲ್ಲಿ ಆ ಗುಂಡನೆಯ ಲೋಹದ ಚುಕ್ಕಿ ಇದೆ. ಜೇಬು ಹರಿಯದಂತೆ ರಿವೆಟ್ ಕಾವಲು ಕಾಯುತ್ತಿದೆ, ಗೇಣುದ್ದ ಕೆಳಗೆ ಮಂಡಿ ಬಾಯಿಬಿಟ್ಟುಕೊಂಡಿದೆ. ಮುಂಬಾಗಿಲಿಗೆ ಬೀಗ ಹಾಕಿ ಹಿಂದಿನ ಗೋಡೆ ಕೆಡವಿದ ಹಾಗೆ!

ಜೀನ್ಸ್ ಎಂಬ ಹೆಸರು ಇಟಲಿಯ ಜಿನೋವಾ ಊರಿನಿಂದ, ಡೆನಿಮ್ ಎಂಬುದು ಫ್ರಾನ್ಸಿನ ನೀಮ್ ಊರಿನಿಂದ ಬಂತು ಎನ್ನುತ್ತಾರೆ. ಅದರ ನೆಂಟ ಡಂಗರೀಸ್‌ಗೆ ಹೆಸರು ಕೊಟ್ಟದ್ದು ನಮ್ಮ ಮುಂಬಯಿಯ ಡೋಂಗ್ರಿ. ಇಷ್ಟೆಲ್ಲ ಊರು ಸುತ್ತಿದ ಪ್ಯಾಂಟು 1950ರ ದಶಕದಲ್ಲಿ ಜೇಮ್ಸ್ ಡೀನ್‌ನಂಥ ನಟರ ಮೈಮೇಲೆ ಬಂದಾಗ, ಗಣಿ ಕೂಲಿಯ ಬಟ್ಟೆ ಹೋಗಿ ಅಪ್ಪನ ಮಾತು ಕೇಳದ ಹುಡುಗರ ಸಮವಸ್ತ್ರವಾಯಿತು. ಎಪ್ಪತ್ತರ ದಶಕದ ಪಂಕ್ ಹುಡುಗರು ಸಿಟ್ಟು ತೋರಿಸಲು ಬಟ್ಟೆ ಹರಿದುಕೊಂಡರು. ಕಂಪನಿಗಳು ಆ ಸಿಟ್ಟನ್ನೇ ಸೈಜುವಾರು ಮಾರಲು ಶುರು ಮಾಡಿದವು. ನನ್ನ ಚಿಕ್ಕಪ್ಪನ ಮಗನಿಗೆ ಯಾರ ಮೇಲೂ ಸಿಟ್ಟಿಲ್ಲ ಪಾಪ, ಮೂವತ್ತೆರಡು ಸೈಜು ಸಿಕ್ಕಿತೆಂದು ತಗೊಂಡಿದ್ದಾನೆ.

ಹುಡುಗರಾದರೂ ಪುಣ್ಯವಂತರು, ಅವರ ಪ್ಯಾಂಟಿಗೆ ತೂತಿನ ಜೊತೆ ಜೇಬೂ ಇರುತ್ತದೆ. ಬಲಗಡೆಯ ದೊಡ್ಡ ಜೇಬಿನೊಳಗೊಂದು ಪುಟ್ಟ ಜೇಬು ಬೇರೆ. ಅದು ಹಿಂದಿನ ಕಾಲದ ಸರಪಳಿ ಗಡಿಯಾರ ಇಡುವುದಕ್ಕೆ. ಸರಪಳಿ ಗಡಿಯಾರ ಹೋಗಿ ತಲೆಮಾರುಗಳೇ ಕಳೆದರೂ ಅದರ ಜೇಬು ಹೋಗಿಲ್ಲ. ಹುಡುಗಿಯರ ಕೈಗೆ ಮೊಬೈಲ್ ಬಂದು ಇಷ್ಟು ವರ್ಷವಾದರೂ ಅದನ್ನಿಡಲು ಜೇಬು ಬಂದಿಲ್ಲ. ನನ್ನ ಫಾರ್ಮಲ್ ಪ್ಯಾಂಟಿನಲ್ಲಿ ಜೇಬಿನ ಜಾಗದಲ್ಲಿರುವುದು ಬರೀ ಒಂದು ಗೆರೆ. ಬೇಕಾದ ಕಡೆ ತೂತಿಲ್ಲ, ಬೇಡವಾದ ಕಡೆ ಇದೆ.

ಇನ್ನು ಈ ತೂತುಗಳು ಎಲ್ಲಿಂದ ಬರುತ್ತವೆ? ನನ್ನ ರೂಮ್‌ಮೇಟ್ ಬಳ್ಳಾರಿಯವಳು. ಬಳ್ಳಾರಿ ಅಂದರೆ ನಮಗೆಲ್ಲ ಬಿಸಿಲು, ಗಣಿ, ಧೂಳು. ಆದರೆ ಅಲ್ಲಿನ ಗಲ್ಲಿಗಲ್ಲಿಗಳಲ್ಲಿ ಜೀನ್ಸ್ ಹೊಲಿಯುವ ಸಣ್ಣ ಸಣ್ಣ ಘಟಕಗಳಿವೆ, ಎಷ್ಟೋ ಮನೆಗಳಲ್ಲಿ ಹೊಲಿಗೆ ಯಂತ್ರದ ಸದ್ದಿದೆ. ರೂಮ್‌ಮೇಟ್‌ನ ಅಮ್ಮ ಕೂಡ ಪೀಸ್ ಲೆಕ್ಕದಲ್ಲಿ ಜೀನ್ಸ್ ಹೊಲಿಯುತ್ತಾರೆ. ಇವಳ ಪಿ.ಜಿ. ಬಾಡಿಗೆ, ಕೋಚಿಂಗ್ ಫೀಸು ಎಲ್ಲ ಬರುವುದು ಆ ಪ್ಯಾಂಟುಗಳ ಕಾಲಿನಿಂದಲೇ. ಹೊಲಿದ ಪ್ಯಾಂಟು ಅವರ ಕೈಬಿಡುವಾಗ ನೆಟ್ಟಗೇ ಇರುತ್ತದೆ. ಆಮೇಲೆ ಅದನ್ನು ಹರಿಯಲು ಬೇರೆ ಕೈಗಳಿವೆ. ಮರಳು ಕಾಗದದಲ್ಲಿ ಉಜ್ಜಿ ಬಣ್ಣ ಕೀಳುತ್ತಾರೆ, ಬ್ಲೇಡಿನಲ್ಲಿ ಗೀರಿ ನೂಲು ಬಿಡಿಸುತ್ತಾರೆ, ತೊಳೆಯುವ ಯಂತ್ರಕ್ಕೆ ಹಾಕಿ ಹಳೆಯದು ಮಾಡುತ್ತಾರೆ. ಡೆನಿಮ್‌ನಲ್ಲಿ ಹಾಸಿನ ನೂಲಿಗಷ್ಟೇ ನೀಲಿ ಬಣ್ಣ, ಹೊಕ್ಕಿನ ನೂಲು ಬಿಳಿ. ಮಂಡಿಯಲ್ಲಿ ಅಡ್ಡಡ್ಡ ಜೋತಾಡುವ ಬಿಳಿ ಎಳೆಗಳು ನೀಲಿ ನೂಲನ್ನಷ್ಟೇ ಆರಿಸಿ ತೆಗೆದಾಗ ಉಳಿಯುವಂಥವು. ಮೊಳೆಗೆ ಸಿಕ್ಕಿ ಹರಿದರೆ ಹಾಗೆ ಬರುವುದಿಲ್ಲ. ಹರಿಯುವುದಕ್ಕೂ ಕಸುಬುದಾರಿಕೆ ಬೇಕು.

ಒಮ್ಮೆ ಫೋನಿನಲ್ಲಿ ಕೇಳಿದೆ, 'ಆಂಟೀ, ನೀವು ಅಷ್ಟು ಚೆನ್ನಾಗಿ ಹೊಲಿದದ್ದನ್ನು ಹರಿದರೆ ಬೇಜಾರಾಗಲ್ವಾ?' ಅವರು ನಕ್ಕರು. 'ನಾವು ಚೆಂದಗೆ ಹೊಲ್ದು ಕಳಿಸ್ತೀವಮ್ಮ, ಅವ್ರು ಚೆಂದಗೆ ಹರಿತಾರ. ಹೊಲಿಯಾಕೂ ಕೂಲಿ ಐತಿ, ಹರಿಯಾಕೂ ಕೂಲಿ ಐತಿ. ಯಾರ್ ಹೊಟ್ಟಿ ಮ್ಯಾಲೂ ಕಲ್ಲು ಬೀಳಂಗಿಲ್ಲ ಬಿಡು.' ಅಲ್ಲಿಂದ ಈಚೆಗೆ ನಾನು ಹರಿದ ಜೀನ್ಸ್ ನೋಡಿ ನಗುವ ಮುನ್ನ ಸ್ವಲ್ಪ ಯೋಚಿಸುತ್ತೇನೆ.

ಹೀಗೆ ಹಳೆಯದು ಮಾಡುವ ಕೆಲಸ ಎಲ್ಲ ಕಡೆ ಇಷ್ಟು ಸಲೀಸಲ್ಲ. ಟರ್ಕಿಯಲ್ಲಿ ಜೀನ್ಸ್ ಮೇಲೆ ಮರಳು ಚಿಮ್ಮಿಸಿ ಬಣ್ಣ ಮಾಸುವಂತೆ ಮಾಡುತ್ತಿದ್ದ ಕಾರ್ಮಿಕರಿಗೆ ಶ್ವಾಸಕೋಶ ಗಟ್ಟಿಯಾಗುವ ಸಿಲಿಕೋಸಿಸ್ ಬಂದು, 2009ರಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯನ್ನೇ ನಿಷೇಧಿಸಿತು. ಗಣಿ ಕಾರ್ಮಿಕರಿಗೆ ಬರುವ ರೋಗ, ಪ್ಯಾಂಟು ಹಳೆಯದಾಗಿ ಕಾಣಲಿ ಎಂಬ ಕಾರಣಕ್ಕೆ! ನೀರಿನ ಲೆಕ್ಕವೂ ಇದೆ. ಹತ್ತಿ ಬೆಳೆಯುವುದರಿಂದ ಹಿಡಿದು ನಾವು ಮನೆಯಲ್ಲಿ ಒಗೆಯುವವರೆಗೆ ಒಂದು ಜೀನ್ಸ್‌ನ ಇಡೀ ಆಯುಸ್ಸಿಗೆ ಸುಮಾರು 3,800 ಲೀಟರ್ ನೀರು ಬೇಕು ಎಂದು ಲೀವೈಸ್ ಕಂಪನಿಯೇ ಲೆಕ್ಕ ಹಾಕಿದೆ. ಇದನ್ನೋದಿದ ಮೇಲೆ ಜೀನ್ಸ್ ಒಗೆಯದೆ ವಾರಗಟ್ಟಲೆ ಹಾಕುವ ಹಾಸ್ಟೆಲ್ ಹುಡುಗರ ಮೇಲೆ ನನಗೆ ಗೌರವ ಹುಟ್ಟಿದೆ. ನಾವು ಕೊಳಕು ಅಂದುಕೊಂಡಿದ್ದೆವು, ಅವರು ಜಲ ಸಂರಕ್ಷಣೆ ಮಾಡುತ್ತಿದ್ದರು.

ಮಾಲ್‌ನಿಂದ ಬರಿಗೈಯಲ್ಲಿ ಬರಬಹುದು, ಮೊಬೈಲ್ ಬಿಡಬೇಕಲ್ಲ! ಅರ್ಜಿ ಹಾಕಿದ ಕಂಪನಿಗಳು ತಿಂಗಳಾದರೂ ಉತ್ತರ ಕೊಡುವುದಿಲ್ಲ. ಶಾಪಿಂಗ್ ಆ್ಯಪ್ ಮಾತ್ರ ದಿನಕ್ಕೆ ಮೂರು ಸಲ ವಿಚಾರಿಸಿಕೊಳ್ಳುತ್ತದೆ. 'ನಿಮ್ಮನ್ನು ಮಿಸ್ ಮಾಡ್ಕೊತಿದೀವಿ', 'ನಿಮ್ಮ ಕಾರ್ಟ್ ನಿಮಗಾಗಿ ಕಾಯುತ್ತಿದೆ', 'ಎರಡೇ ಪೀಸ್ ಉಳಿದಿವೆ'. ಇಷ್ಟು ಅಕ್ಕರೆಯ ಒಂದು ಮೆಸೇಜ್ ಯಾವುದಾದರೂ ಎಚ್.ಆರ್.ನಿಂದ ಬಂದಿದ್ದರೆ ನಾನಿಷ್ಟು ಹೊತ್ತಿಗೆ ಟೀಮ್ ಲೀಡರ್ ಆಗಿರುತ್ತಿದ್ದೆ. ಒಂದು ಕುರ್ತಾದ ಕೆಳಗೆ 'ಎರಡೇ ಉಳಿದಿವೆ' ಎಂದು ಮೂರು ವಾರದಿಂದ ಬರೆದಿದೆ. ಅಕ್ಷಯ ಪಾತ್ರೆ ದ್ರೌಪದಿಯ ಹತ್ತಿರ ಮಾತ್ರ ಇತ್ತು ಅಂದುಕೊಂಡಿದ್ದೆ.

ಇಂಥ ಆಟಗಳಿಗೆ ಕಾನೂನಿನಲ್ಲಿ ಹೆಸರಿದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ಬಗೆಯ 'ಡಾರ್ಕ್ ಪ್ಯಾಟರ್ನ್'ಗಳ ಪಟ್ಟಿಯಿದೆ. ಇಲ್ಲದ ಅವಸರ ಹುಟ್ಟಿಸುವುದು, ನಾವು ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡ ಎಂದರೆ ನಾಚಿಕೆಯಾಗುವಂತೆ ಮಾಡುವುದು, ಕೊನೆಗೆ ಒಂದೊಂದೇ ಶುಲ್ಕ ಹೊರತೆಗೆಯುವುದು ಎಲ್ಲ ಅದರಲ್ಲಿವೆ. ಮೋಸ ಅನ್ನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 999ರ ಮಂತ್ರಕ್ಕೆ ಮಾತ್ರ ಯಾವ ಸಹಾಯವಾಣಿಯೂ ಇಲ್ಲ. ಸಾವಿರಕ್ಕೂ ಅದಕ್ಕೂ ಇರುವ ವ್ಯತ್ಯಾಸ ಒಂದು ರೂಪಾಯಿ. ಆದರೆ ಕಣ್ಣು ಮೊದಲ ಅಂಕಿಯನ್ನು ಓದಿ 'ಒಂಬೈನೂರು' ಎಂದು ಮನಸ್ಸಿಗೆ ವರದಿ ಒಪ್ಪಿಸಿಬಿಡುತ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುತ್ತಿದ್ದರಲ್ಲ, ಈಗ ಆ ಮಲ್ಲಿಗೆ ಇ.ಎಂ.ಐ.ನಲ್ಲೂ ಸಿಗುತ್ತದೆ.

ನಮ್ಮ ಪಿ.ಜಿ.ಯಲ್ಲಿ ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದೇವೆ. ಎರಡನೇ ಮಹಡಿಗೆಲ್ಲ ಸೇರಿ ಒಂದೇ ಕಪ್ಪು ಬ್ಲೇಜರ್. ಹಿಂದೆ ಇದ್ದ ಅಕ್ಕ ಒಬ್ಬರು ಕೆಲಸ ಸಿಕ್ಕಿ ಹೋಗುವಾಗ ಬಿಟ್ಟುಹೋದದ್ದು. ಯಾರ ಇಂಟರ್‌ವ್ಯೂ ಯಾವತ್ತು ಎಂದು ಕಬ್ಬಿಣದ ಬೀರುವಿನ ಬಾಗಿಲಿಗೆ ಚೀಟಿ ಅಂಟಿಸಿರುತ್ತೇವೆ. ದಪ್ಪಗಿದ್ದವರು ಗುಂಡಿ ಹಾಕುವುದಿಲ್ಲ, ಸಣಕಲಿಯರು ಬೆನ್ನ ಹಿಂದೆ ಪಿನ್ ಹಾಕಿಕೊಂಡು ಕುರ್ಚಿಗೆ ಒರಗದೆ ಕೂರುತ್ತಾರೆ. 'ಒಳ್ಳೇ ಪೋಶ್ಚರ್' ಎಂದು ಒಬ್ಬಳಿಗೆ ಸಂದರ್ಶಕರೇ ಹೇಳಿದರಂತೆ. ಒರಗಿದರೆ ಪಿನ್ ಚುಚ್ಚುತ್ತದೆ ಎಂದು ಅವರಿಗೇನು ಗೊತ್ತು! ಅವಳಿಗೆ ಕೆಲಸವೂ ಸಿಕ್ಕಿತು. ಒಟ್ಟು ಮೂರು ಮಂದಿಗೆ ಅನ್ನ ಕೊಟ್ಟ ಬ್ಲೇಜರ್ ಅದು.

ಹೋದ ತಿಂಗಳು ನನ್ನ ಸರದಿ. ಇಸ್ತ್ರಿ ಮಾಡಿದ ಪ್ಯಾಂಟು, ಆ ಬ್ಲೇಜರ್, ಕಾಲು ಕಚ್ಚುವ ಬೂಟು. ಎದುರಿಗೆ ಬಂದು ಕೂತ ಮ್ಯಾನೇಜರ್ ಹಾಕಿದ್ದದ್ದು ಮಂಡಿ ಹರಿದ ಜೀನ್ಸ್! ಬಹಳ ಒಳ್ಳೆಯ ಮನುಷ್ಯ, ಚೆನ್ನಾಗಿಯೇ ಮಾತಾಡಿಸಿದರು. ನನಗೆ ಅಲ್ಲೊಂದು ವಿಷಯ ಹೊಳೆಯಿತು. ಹರಿದದ್ದು ಹಾಕಲು ಮೊದಲು ಕೆಲಸ ಇರಬೇಕು. ಕೆಲಸ ಇಲ್ಲದವರು ನೆಟ್ಟಗಿನದೇ ಹಾಕಬೇಕು. ನಮ್ಮಪ್ಪ ಸಂತೆಗೆ ಹೋಗುವಾಗ ಪಂಚೆಯ ಹರಿದ ಜಾಗ ಒಳಮಡಿಕೆಗೆ ಬರುವ ಹಾಗೆ ನೋಡಿಕೊಂಡು ಉಡುತ್ತಾರೆ. ಅವರ ತೂತೂ ತೂತೇ, ಮ್ಯಾನೇಜರ್ ತೂತೂ ತೂತೇ. ಒಂದನ್ನು ಮಡಚಿ ಮುಚ್ಚಬೇಕು, ಇನ್ನೊಂದನ್ನು ಕಾಲ ಮೇಲೆ ಕಾಲು ಹಾಕಿ ತೋರಿಸಬಹುದು. ಹೊಸ ಪ್ಯಾಂಟು ಕೊಳ್ಳುವ ತಾಕತ್ತಿದೆ ಎಂದು ನೋಡುವವರಿಗೆ ಗೊತ್ತಿದ್ದಾಗ ಮಾತ್ರ ಹರಿದದ್ದು ಫ್ಯಾಷನ್ ಆಗುತ್ತದೆ.

ಫಲಿತಾಂಶ ಇನ್ನೂ ಬಂದಿಲ್ಲ. ಬ್ಲೇಜರ್ ಮೂರನೇ ರೂಮಿಗೆ ಹೋಗಿದೆ. ಕೆಲಸ ಸಿಕ್ಕರೆ ಮೊದಲ ಸಂಬಳದಲ್ಲಿ ಏನು ತಗೊಳ್ಳಬೇಕೆಂದು ಯೋಚಿಸಿಟ್ಟಿದ್ದೇನೆ: ಅಪ್ಪನಿಗೆ ಎರಡು ಪಂಚೆ, ನನಗೆ ನಿಜವಾದ ಜೇಬಿರುವ ಒಂದು ಪ್ಯಾಂಟು. ಹರಿದದ್ದಲ್ಲ. ಅದನ್ನು ನಾನೇ ಹಾಕಿ ಹಾಕಿ ಹರಿಯುತ್ತೇನೆ, ಐನೂರು ಉಳಿಯುತ್ತದೆ.

ಮೆಟ್ರೊದಲ್ಲಿ ಹರಿದ ಜೀನ್ಸ್‌ನವರು ಎದುರು ಕೂತರೆ ಬೇರೆಯವರೆಲ್ಲ ಮಂಡಿ ನೋಡುತ್ತಾರೆ. ನನ್ನ ರೂಮ್‌ಮೇಟ್ ಮಾತ್ರ ಪಕ್ಕದ ಹೊಲಿಗೆ ನೋಡುತ್ತಾಳೆ. ಎರಡು ಸಾಲು ಎಲ್ಲೂ ಅಂಕುಡೊಂಕಾಗದೆ ಕೆಳಗಿನವರೆಗೆ ಓಡಿದ್ದರೆ ನನ್ನ ಮೊಣಕೈ ತಿವಿದು ಮೆಲ್ಲಗೆ ಹೇಳುತ್ತಾಳೆ, 'ಇದು ನಮ್ ಕಡೀದೇ ಐತಿ ನೋಡು.'