ಬೂಷ್ಟು ಹಿಡಿದ ಹಿಂಡಿ ಹಾಲಿಗೂ ಕೇಡು

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಯಾವ ರೋಗವೆಂದೇ ಮೊದಲು ತಿಳಿಯಲಿಲ್ಲ. ಕೊನೆಗೆ ಕಾರಣ ಸಿಕ್ಕಿದ್ದು ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ. ಅದರಲ್ಲಿದ್ದ ಬೂಷ್ಟಿನ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು.

ಇಂಥ ಹಿಂಡಿ ತಿಂದ ಹಸು ಮೇಲ್ನೋಟಕ್ಕೆ ಚೆನ್ನಾಗಿಯೇ ಇರಬಹುದು. ಆದರೆ ವಿಷದ ಒಂದಂಶ ಒಂದೇ ದಿನದಲ್ಲಿ ಹಾಲಿಗೆ ಇಳಿಯುತ್ತದೆ, ಕಾಯಿಸಿದರೂ ನಾಶವಾಗದು. ಕಾನೂನಿನ ಮಿತಿ ಕಿಲೋ ಹಾಲಿಗೆ ಕೇವಲ 0.5 ಮೈಕ್ರೋಗ್ರಾಂ. ಒಬ್ಬರ ಹಾಲು ಇಡೀ ಸಂಘದ ಹಾಲಿನಲ್ಲಿ ಬೆರೆಯುತ್ತದೆ, ಮನೆಯ ಮಕ್ಕಳು ಕುಡಿಯುವುದೂ ಅದನ್ನೇ.

ಬೂಷ್ಟು ಕೆರೆದು ಬಿಸಿಲಿಗೆ ಹಾಕಿದರಾಯಿತು ಎನ್ನುವವರಿದ್ದಾರೆ. ತಪ್ಪು. ತೇವ ಆರುತ್ತದೆ, ಒಳಗಿಳಿದ ವಿಷ ಪೂರ್ತಿ ಹೋಗದು. ಮಳೆಗಾಲದಲ್ಲಿ ಚೀಲವನ್ನು ಗೋಡೆಗೆ ತಾಗಿಸದೆ ಹಲಗೆಯ ಮೇಲಿಡಿ. ಮುಗ್ಗಲು ಹಿಂಡಿ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಸರಿಹೋಗುತ್ತದೆ.