ಕುರಿಹಿಂಡಿನಲ್ಲಿ ಉಳಿಯಬೇಕಾದ ಹುಳುಗಳು

ರಾಯಚೂರು ದೋಆಬಿನಲ್ಲಿ ಮೇಯುವ ಕೆಂಗುರಿ, ದಖನಿ ಕುರಿಗಳ ನಾಲ್ಕನೆಯ ಹೊಟ್ಟೆಯಲ್ಲಿ ನೆಲೆಸುವ ಹೀಮಾಂಕಸ್ ಕಂಟಾರ್ಟಸ್ ಎಂಬ ದುಂಡುಹುಳುವಿನಲ್ಲಿ ರಕ್ತ ತುಂಬಿದ ಕರುಳಿಗೆ ಬಿಳಿಯ ಅಂಡಾಶಯ ಸುತ್ತಿಕೊಂಡಿರುವುದರಿಂದ, ಹೆಣ್ಣುಹುಳು ಕೆಂಪು-ಬಿಳಿ ಎಳೆಗಳನ್ನು ಹೊಸೆದ ದಾರದಂತೆ ಕಾಣುತ್ತದೆ. ಒಂದೊಂದು ಹುಳು ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತವನ್ನು ಕಳೆಯುವುದರಿಂದ ಸಾವಿರ ಹುಳುಗಳಿರುವ ಕುರಿ ನಿತ್ಯ 50 ಮಿ.ಲೀ. ರಕ್ತ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಕ್ರಮೇಣ ಅದರ ಗದ್ದದ ಕೆಳಗೆ ನೀರು ತುಂಬಿ ಊದಿಕೊಳ್ಳುತ್ತದೆ. ಹಿಕ್ಕೆಯೊಡನೆ ಹೊರಬೀಳುವ ಮೊಟ್ಟೆಗಳು ತೇವ ಸಿಕ್ಕರೆ ವಾರದೊಳಗೆ ಮರಿಗಳಾಗಿ, ಇಬ್ಬನಿ ಹಿಡಿದ ಹುಲ್ಲೆಸಳನ್ನೇರಿ ಮುಂದಿನ ಕುರಿಗಾಗಿ ಕಾಯುತ್ತವೆ.

ಇವುಗಳ ವಿರುದ್ಧ 1961ರಲ್ಲಿ ಬಂದ ಥಯಾಬೆಂಡಜೋಲ್ ಔಷಧಕ್ಕೆ 1964ರಲ್ಲೇ ನಿರೋಧ ವರದಿಯಾಯಿತು. ಈ ಗುಂಪಿನ ಔಷಧಗಳು ಹುಳುವಿನ ಜೀವಕೋಶದ ಟ್ಯುಬುಲಿನ್ ಎಂಬ ಪ್ರೋಟೀನಿಗೆ ಅಂಟಿ ಅದರ ಕೆಲಸ ಕೆಡಿಸುತ್ತವೆ. ಆ ಪ್ರೋಟೀನಿನ ಒಂದೇ ಅಮೈನೋ ಆಮ್ಲ ಬದಲಾದರೂ ಔಷಧ ಅಂಟದು. ಔಷಧವು ನಿರೋಧವನ್ನು ಹುಟ್ಟಿಸುವುದಲ್ಲ, ಮೊದಲೇ ವಿರಳವಾಗಿದ್ದ ನಿರೋಧಕ ಹುಳುಗಳನ್ನು ಉಳಿಸಿ ಉಳಿದವನ್ನು ಕೊಲ್ಲುತ್ತದೆ ಎಂಬುದನ್ನು ಗಮನಿಸಬೇಕು.

ಆದ್ದರಿಂದ ಔಷಧ ಸೋಕದ ಹುಳುಗಳು, ಹುಲ್ಲಿನ ಮೇಲಿನ ಮರಿಗಳೂ ಸೇರಿ, ಕುರಿಗಾರನಿಗೆ ಒಂದು ಬಗೆಯ ಆಸ್ತಿ. ಅವುಗಳ ಸಂತತಿ ಬೆರೆತಾಗಲೇ ನಿರೋಧಕ ಹುಳುಗಳ ಪ್ರಮಾಣ ತಗ್ಗಿರುತ್ತದೆ. ರಾಯಚೂರು ನಗರದ ಸುತ್ತಲಿನ ಖುಷ್ಕಿ ನೆಲದಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಬೇಸಿಗೆ ಆ ಮರಿಗಳನ್ನು ಸುಟ್ಟುಹಾಕುವುದರಿಂದ, ಆಗ ಇಡೀ ಹಿಂಡಿಗೆ ಔಷಧ ಕುಡಿಸಿದರೆ ಮುಂಗಾರಿನ ಹುಲ್ಲಿಗೆ ಬೀಳುವುದು ಬಹುಪಾಲು ನಿರೋಧಕ ಹುಳುಗಳ ಮೊಟ್ಟೆಯೇ. ಹುಳುವಿನ ಪ್ರಭೇದ ಬೇರೆಯಾದರೂ, ಪಶ್ಚಿಮ ಆಸ್ಟ್ರೇಲಿಯಾದ ಒಣಬೇಸಿಗೆಯ ಔಷಧೋಪಚಾರ ಇದೇ ಪಾಠ ಕಲಿಸಿತು. ನಾರಾಯಣಪುರ ಬಲದಂಡೆ ಕಾಲುವೆಯ ದೇವದುರ್ಗ, ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿ ಕಡೆಯ ಹಸಿ ಬದುಗಳಲ್ಲಿ ಮರಿಗಳು ಹೆಚ್ಚು ಕಾಲ ಬದುಕುವುದರಿಂದ ಅಲ್ಲಿ ಸೋಂಕಿನ ಕಾಟವೇ ಹೆಚ್ಚು. ಇಡೀ ಜಿಲ್ಲೆಗೆ ಒಂದೇ ವೇಳಾಪಟ್ಟಿ ಹೊಂದದು.

ದಕ್ಷಿಣ ಆಫ್ರಿಕಾದಲ್ಲಿ ರೂಪುಗೊಂಡ ಫಮಾಚಾ ಕ್ರಮದಲ್ಲಿ ಕುರಿಯ ಕೆಳರೆಪ್ಪೆಯ ಒಳಬಣ್ಣವನ್ನು ಐದು ಹಂತದ ಚಿತ್ರಪಟದೊಡನೆ ಹೋಲಿಸಿ, ಬಿಳಿಚಿದವಕ್ಕೆ ಮಾತ್ರ ಔಷಧ ಕೊಡಲಾಗುತ್ತದೆ. ಹಿಂಡಿನ ಹೆಚ್ಚಿನ ಹುಳುಗಳು ಕೆಲವೇ ಕುರಿಗಳಲ್ಲಿರುವುದರಿಂದ ಇದು ಸಾಕಾಗುತ್ತದೆ. ಪ್ರಮಾಣವನ್ನು ತೂಕ ನೋಡಿಯೇ ನಿರ್ಧರಿಸಬೇಕು, ಏಕೆಂದರೆ ಕಣ್ಣಂದಾಜಿನ ಅರೆಬರೆ ಔಷಧ ನಿರೋಧಕ್ಕೆ ದಾರಿ. ಔಷಧ ಕೊಟ್ಟ 10–14 ದಿನಗಳ ಬಳಿಕ ಹಿಕ್ಕೆಯ ಮೊಟ್ಟೆಗಳ ಇಳಿಕೆ ಶೇ. 95ಕ್ಕಿಂತ ಕಡಿಮೆಯಿದ್ದರೆ ನಿರೋಧವನ್ನು ಶಂಕಿಸಿ, ಪಶುವೈದ್ಯರ ಸಲಹೆಯಂತೆ ಔಷಧದ ಗುಂಪನ್ನೇ ಬದಲಿಸಬೇಕು. ಆಲ್ಬೆಂಡಜೋಲ್ ಬಿಟ್ಟು ಫೆನ್‌ಬೆಂಡಜೋಲ್ ಕುಡಿಸುವುದು ಬದಲಾವಣೆಯಲ್ಲ, ಎರಡೂ ಒಂದೇ ಗುಂಪಿನವು.