ಕಣ್ಣಿನ ಒಳಮೂಲೆಯ ಪುನರ್ನಿರ್ಮಾಣ

ಕನ್ನಡಿಯೆದುರು ನಿಂತು ಕೆಳರೆಪ್ಪೆಯ ಒಳತುದಿಯನ್ನು ಮೆಲ್ಲನೆ ಕೆಳಕ್ಕೆ ಎಳೆದು ನೋಡಿರಿ. ಮೂಗಿನ ಸಮೀಪದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ರಂಧ್ರವೊಂದು ಕಾಣುವುದು. ಮೇಲಿನ ರೆಪ್ಪೆಯಲ್ಲಿಯೂ ಇಂಥದೇ ಒಂದುಂಟು. ಕಣ್ಣನ್ನು ತೋಯಿಸಿದ ನೀರು ಈ ರಂಧ್ರಗಳಿಂದ ಸುಮಾರು 10 ಮಿಲಿಮೀಟರ್ ಉದ್ದದ ಕಿರುನಾಳಗಳನ್ನು ಹೊಕ್ಕು, ಅಶ್ರುಚೀಲವನ್ನು ಸೇರಿ, ಅಲ್ಲಿಂದ ಮೂಗಿನೊಳಕ್ಕೆ ಇಳಿಯುತ್ತದೆ. ಅತ್ತಾಗ ಮೂಗು ಸೋರುವುದು ಈ ಕಾರಣದಿಂದಲೇ.

ನೀರು ತಾನಾಗಿಯೇ ಹರಿದುಹೋಗುವುದೆಂದು ತಿಳಿಯಬಾರದು. ರೆಪ್ಪೆ ಬಡಿದಾಗಲೆಲ್ಲ ಅಲ್ಲಿಯ ಸ್ನಾಯು ಅದನ್ನು ಒಳಕ್ಕೆ ಸೆಳೆಯುತ್ತದೆ. ಇದಕ್ಕೆ ರೆಪ್ಪೆಗಳು ಕಣ್ಣುಗುಡ್ಡೆಗೆ ಒತ್ತಿಕೊಂಡಿರಬೇಕು. ಅವುಗಳನ್ನು ಹಾಗೆ ಹಿಡಿದಿಡುವುದು ಒಳಮೂಲೆಯ ಗಟ್ಟಿಯಾದ ತಂತುಪಟ್ಟಿ. ಅದರ ಒಂದು ಕವಲು ಅಶ್ರುಚೀಲದ ಮುಂದೆಯೂ ಇನ್ನೊಂದು ಹಿಂದೆಯೂ ಹಾಯ್ದು ಎಲುಬಿಗೆ ನಾಟಿಕೊಂಡಿದೆ.

ಅಪಘಾತದ ಪೆಟ್ಟಿಗೆ ಈ ಪಟ್ಟಿ ಕಿತ್ತುಬರಬಹುದು. ಚರ್ಮದ ಕ್ಯಾನ್ಸರನ್ನು ಕತ್ತರಿಸಿ ತೆಗೆದಾಗ ಮೂಲೆಯೇ ಇಲ್ಲವಾಗಬಹುದು. ಆಗ ಕಣ್ಣು ಮೂಗಿನಿಂದ ದೂರ ಸರಿದಂತೆ ತೋರುತ್ತದೆ. ನೀರು ಸದಾ ಕೆನ್ನೆಗೆ ಇಳಿಯುತ್ತದೆ. ರೆಪ್ಪೆಗಳು ಸರಿಯಾಗಿ ಮುಚ್ಚದಿದ್ದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಒಣಗಿ ದೃಷ್ಟಿಗೇ ಅಪಾಯ ಒದಗುತ್ತದೆ.

ಶಸ್ತ್ರವೈದ್ಯನ ಮುಂದಿರುವ ಕೆಲಸಗಳು ಮೂರು. ಮೊದಲನೆಯದು ನೀರಿನ ದಾರಿ. ಹರಿದ ಕಿರುನಾಳದ ತುದಿಗಳನ್ನು ಹುಡುಕಿ, ಸಿಲಿಕೋನಿನ ಸಪೂರ ಕೊಳವೆಯನ್ನು ತೂರಿಸಿ ಹೊಲಿಯುತ್ತಾರೆ. ನಾಳವು ಕೂಡಿಕೊಂಡ ಮೇಲೆ ಕೊಳವೆಯನ್ನು ತೆಗೆಯುತ್ತಾರೆ.

ಎರಡನೆಯದು ಆಧಾರ. ಹರಿದ ಪಟ್ಟಿಯನ್ನು ಎಲುಬಿಗೆ ಬಿಗಿಯಬೇಕು. ಎಲುಬೂ ಮುರಿದಿದ್ದರೆ ತಂತಿಯನ್ನು ಮೂಗಿನ ಮೂಲಕ ಎದುರು ಪಕ್ಕಕ್ಕೆ ಹಾಯಿಸಿ ಕಟ್ಟುವುದುಂಟು. ಇಲ್ಲಿ ದಿಕ್ಕೇ ಮುಖ್ಯ. ಸೆಳೆತವು ಮೂಗಿನ ಕಡೆಗೆ ಮಾತ್ರವಲ್ಲದೆ ಹಿಂದಕ್ಕೂ ಇರಬೇಕು. ಇಲ್ಲವಾದರೆ ರೆಪ್ಪೆಯು ಗುಡ್ಡೆಯಿಂದ ಮೇಲೆದ್ದು ನಿಲ್ಲುತ್ತದೆ. ನಾಳ ತೆರೆದಿದ್ದರೂ ನೀರು ಅದನ್ನು ಮುಟ್ಟುವುದಿಲ್ಲ.

ಮೂರನೆಯದು ಹೊದಿಕೆ. ಒಳಮೂಲೆಯು ತಗ್ಗಾದ ಸ್ಥಳವಾದುದರಿಂದ ಚಿಕ್ಕ ಗಾಯಗಳು ಅನೇಕ ವೇಳೆ ತಾವೇ ಮಾಯುತ್ತವೆ. ದೊಡ್ಡ ಗಾಯಕ್ಕೆ ಹಣೆಯ ಚರ್ಮವನ್ನು, ಅದರ ರಕ್ತನಾಳಗಳ ಸಂಬಂಧ ಕಡಿಯದಂತೆ, ತಿರುಗಿಸಿ ಹೊದಿಸಬಹುದು. ಈ ಉಪಾಯವು ನಮ್ಮ ದೇಶದ್ದೇ. 1792ರ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗನ್ನು ಕಳೆದುಕೊಂಡ ಕಾವಸ್‌ಜಿ ಎಂಬ ಬಂಡಿಯವನಿಗೆ ಭಾರತೀಯ ಕುಶಲಿಯೊಬ್ಬನು ಹಣೆಯ ಚರ್ಮದಿಂದ ಹೊಸ ಮೂಗನ್ನು ಮಾಡಿಕೊಟ್ಟನು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದು ಅದನ್ನು ವರದಿ ಮಾಡಿದ ಮೇಲೆ ಯುರೋಪಿನ ವೈದ್ಯರು ಈ ವಿದ್ಯೆಯತ್ತ ಗಮನ ಹರಿಸಿದರು.

ಮುಖದ ಅಂದ ಮರಳಿದ ಮಾತ್ರಕ್ಕೆ ಚಿಕಿತ್ಸೆ ಸಫಲವಾಯಿತೆನ್ನಲಾಗದು. ರೆಪ್ಪೆ ಮುಚ್ಚಿ ತೆರೆದಾಗ ಕಣ್ಣು ತೇವವಾಗಿಯೂ ಕೆನ್ನೆ ಒಣಗಿಯೂ ಇರಬೇಕು. ಅದೇ ನಿಜವಾದ ಪರೀಕ್ಷೆ.